ಜ್ವರಕ್ಕೆ ಕೂತ ಲ್ಯಾಪ್‌ಟಾಪ್

ಬೈರಾಪಟ್ಟಣದ ಹೊನ್ನಯ್ಯನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಆದರೆ ಅದು ಪೂರ್ತಿ ಗೊತ್ತಿತ್ತು.

ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ಹಳೆಯ ಚರ್ಮ ಕಳಚಿ ಎದ್ದ ಮೇಲೆ ಮತ್ತೆ ತಿನ್ನತೊಡಗುತ್ತದೆ. ಈ ಕೂರುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಮುಟ್ಟಬಾರದು, ಕುಲುಕಬಾರದು. ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ಎಲ್ಲ ಹುಳವೂ ಏಳುವ ತನಕ ಸುಮ್ಮನೆ ಕಾಯಬೇಕು. ಅವಸರಪಟ್ಟು ಸೊಪ್ಪು ಹಾಕಿದರೆ ಎದ್ದ ಹುಳ ಒಂದು ಗಾತ್ರ, ಏಳದ ಹುಳ ಒಂದು ಗಾತ್ರ, ಬೆಳೆ ಹಾಳು. ಯಾವಾಗ ಎಲ್ಲ ಎದ್ದವು ಎಂದು ಹೇಳುವುದರಲ್ಲೇ ಇರುವುದು ಕಸುಬು. ಹೊನ್ನಯ್ಯ ಹುಳ ಮನೆಯ ಬಾಗಿಲಲ್ಲಿ ನಿಂತು, ಮೂಗಿನಲ್ಲಿ ಒಮ್ಮೆ ಉಸಿರೆಳೆದು "ಇನ್ನೆಂಟು ಗಂಟೆ" ಎಂದರೆ ಎಂಟೇ ಗಂಟೆ. ಗಡಿಯಾರ ತಪ್ಪಿದ್ದುಂಟು, ಹೊನ್ನಯ್ಯ ತಪ್ಪಿದ್ದಿಲ್ಲ.

ಆ ವರ್ಷ ಈ ವಿದ್ಯೆಗೆ ಎಂದೂ ಇಲ್ಲದ ಮರ್ಯಾದೆ ಬಂತು. ಕೊರೊನಾ ಇಳಿದ ಮೇಲೆ ಗೂಡಿನ ರೇಟು ಏರಿದ್ದೇ ಏರಿದ್ದು. ರಾಮನಗರದ ಮಾರುಕಟ್ಟೆಯಿಂದ ಬರುವವರು ಬಸ್ಸಿನಲ್ಲಿ ಆ ದಿನದ ರೇಟು ಹೇಳಿದರೆ, ಕೇಳಿದವರು ಇಳಿದು ನೆಟ್ಟಗೆ ಹೋಗಿ ಹುಳ ಮನೆಗೆ ಪಾಯ ತೆಗೆಸುತ್ತಿದ್ದರು. ಸೈಕಲ್ ಶಾಪಿನವನು ಹುಳ ಸಾಕಿದ, ಚೌಲ್ಟ್ರಿಯವರು ಹುಳ ಸಾಕಿದರು, ಅಂಚೆಯವನು ಸೊಪ್ಪು ಹಾಕಿ ಬಂದ ಮೇಲೆ ಕಾಗದ ಹಂಚುತ್ತಿದ್ದ. ಈ ಹೊಸಬರಿಗೆಲ್ಲ ಸೊಪ್ಪು ಹಾಕಲು ಬರುತ್ತಿತ್ತು, ಕಾಯಲು ಬರುತ್ತಿರಲಿಲ್ಲ. ಹಾಗಾಗಿ ಕನಕಪುರದ ಕಡೆಯಿಂದಲೂ ಹೊನ್ನಯ್ಯನಿಗೆ ಫೋನು ಬರುತ್ತಿತ್ತು. ಒಂದು ವಿದ್ಯೆ ಪೂರ್ತಿ ಗೊತ್ತಿರುವವನಿಗೆ ಮಿಕ್ಕ ವಿದ್ಯೆಗಳೆಲ್ಲ ಅದರ ದಾಯಾದಿಗಳೇ ಇರಬೇಕೆಂಬ ಅನುಮಾನ ಹುಟ್ಟುತ್ತದೆ. ಹೊನ್ನಯ್ಯನಿಗೆ ಅನುಮಾನ ಹುಟ್ಟಲಿಲ್ಲ. ನಂಬಿಕೆಯೇ ಹುಟ್ಟಿತು.

ಅವನ ಸೊಸೆ ಮಂಗಳಗೌರಿ ಮಾಗಡಿ ತಾಲ್ಲೂಕಿನ ಕುದೂರಿನವಳು. ಬಿ.ಎಸ್ಸಿ., ಬಿ.ಎಡ್. ಮಾಡಿದ್ದಳು. ಮದುವೆಯಾಗಿ ನಾಲ್ಕು ತಿಂಗಳು. ಗಂಡ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಮಾವನಿಗೂ ಸೊಸೆಗೂ ನೇರ ಮಾತೇ ಇರಲಿಲ್ಲ. ಇಬ್ಬರೂ ಎದುರೆದುರು ನಿಂತಿದ್ದರೂ ಮಾತು ಅತ್ತೆ ಪುಟ್ಟಗೌರಮ್ಮನನ್ನು ಸುತ್ತಿಕೊಂಡೇ ಹೋಗಬೇಕಿತ್ತು.

ಚನ್ನಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ ಕೆಲಸ ಖಾಲಿ ಇತ್ತು. ಸೋಮವಾರ ಹತ್ತು ಗಂಟೆಗೆ ಕಮಿಟಿಯವರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಮೆಚ್ಚಿದರೆ ಕೆಲಸ. ಮಂಗಳಗೌರಿ ಮನುಷ್ಯನ ಕಿವಿಯ ಬಗ್ಗೆ ಪಾಠ ಮಾಡಿಕೊಂಡು, ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಜೋಡಿಸುತ್ತಿದ್ದಳು. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಹುಳ ಮನೆಯ ಮುಂಗೋಣೆಯಲ್ಲಿ ಮಾತ್ರ. ಅಲ್ಲೇ, ಹುಳಕ್ಕೆಂದು ಕಾಯಿಸಿದ ಬಿಸಿಯಲ್ಲಿ, ಹಾರಾಡುವ ಸುಣ್ಣದ ಧೂಳಿನಲ್ಲಿ ಹದಿನೈದು ದಿನದಿಂದ ಕೂತಿದ್ದಳು. ಶುಕ್ರವಾರ ಮಧ್ಯಾಹ್ನ ಲ್ಯಾಪ್‌ಟಾಪ್ ನಿಂತುಹೋಯಿತು. ಬಾಣದ ಗುರುತು ಕಿವಿಯ ತಮಟೆಯ ಮೇಲೆ ನಿಂತಿದ್ದು ಅಲ್ಲಾಡಲಿಲ್ಲ. ಯಾವ ಕೀ ಒತ್ತಿದರೂ ಜವಾಬಿಲ್ಲ.

"ಅತ್ತೆ, ಇದು ನಿಂತೋಯ್ತು" ಎಂದಳು.

"ಏನೂಂದ್ರೆ, ಮಗೀನ ಕಂಪ್ಯೂಟ್ರು ನಿಂತೋಯ್ತಂತೆ" ಎಂದು ಪುಟ್ಟಗೌರಮ್ಮ ಒಳಗೆ ಕೂಗಿದಳು.

ಹೊನ್ನಯ್ಯ ಕೈ ಹಿಂದೆ ಕಟ್ಟಿಕೊಂಡು ಬಂದ. ಬಾಗಿಲಲ್ಲಿ ನಿಂತು ಉಸಿರೆಳೆದ. ಹತ್ತಿರ ಬಂದು ಲ್ಯಾಪ್‌ಟಾಪಿನ ಅಡಿಗೆ ಅಂಗೈ ಇಟ್ಟ.

"ಮೈ ಬಿಸಿ ಐತೆ" ಎಂದ. "ಅಲ್ಲಾಡ್ತಾ ಇಲ್ಲ. ಏನ್ ಕೊಟ್ರೂ ತಗತಾ ಇಲ್ಲ. ತಲೆ ಮಾತ್ರ ಎತ್ಕಂಡ್ ಕೂತದೆ. ಇದೇನೂ ಕೆಟ್ಟಿಲ್ಲ ಕಣಮ್ಮಿ. ಜ್ವರಕ್ಕೆ ಕೂತೈತೆ."

"ಮಿಷನ್ನು ಕಣ್ರೀ ಅದು" ಎಂದಳು ಪುಟ್ಟಗೌರಮ್ಮ.

"ಮಿಷನ್ನಾದ್ರೇನು. ಹದಿನೈದ್ ದಿನದಿಂದ ಅದೇ ಬಿಸಿ, ಅದೇ ಗಾಳಿ ಕುಡ್ದೈತೆ. ಯಾರ ಜತೆ ಇರ್ತೀಯೋ ಅವರ ಗುಣ ಬತ್ತದೆ."

ಮಂಗಳಗೌರಿ ನೆಲ ನೋಡಿಕೊಂಡು, "ಅತ್ತೆ, ಚನ್ನಪಟ್ಣದಲ್ಲಿ ಶುಕೂರ್ ಅಂತ ರಿಪೇರಿಯವರು ಇದಾರಂತೆ" ಎಂದಳು. ಮಾವ ಎರಡು ಮಾರು ದೂರದಲ್ಲಿದ್ದ.

"ಜ್ವರಕ್ಕೆ ಕೂತಿರಾದನ್ನ ಬಸ್ಸಲ್ಲಿ ಕುಲುಕ್ಸಕಂಡ್ ಓಗ್ತಾರಾ ಅಂತ ಕೇಳು ಅವಳ್ನ" ಎಂದ ಹೊನ್ನಯ್ಯ, ಹೆಂಡತಿಗೆ.

ಕೇಳುವ ಅಗತ್ಯ ಬೀಳಲಿಲ್ಲ. ಸೊಸೆ ಸುಮ್ಮನಾದಳು. ಅವಳು ಸುಮ್ಮನಾಗುವುದರಲ್ಲಿ ಹಲವು ಬಗೆಗಳಿದ್ದವು. ಹೊನ್ನಯ್ಯನಿಗೆ ಹುಳದ ಮೌನ ಓದಲು ಬರುತ್ತಿತ್ತು, ಮನುಷ್ಯರದು ಬರುತ್ತಿರಲಿಲ್ಲ.

ಚಿಕಿತ್ಸೆ ಕ್ರಮಬದ್ಧವಾಗಿ ನಡೆಯಿತು. ಜ್ವರದಲ್ಲಿ ಮೇವು ನಿಲ್ಲಿಸಬೇಕಾದ್ದರಿಂದ ಚಾರ್ಜರ್ ಕೀಳಲಾಯಿತು. ಲ್ಯಾಪ್‌ಟಾಪನ್ನು ಹುಳದ ತಟ್ಟೆಯೊಂದರಲ್ಲಿ ಮಲಗಿಸಿ, ಕೀಗಳ ಮೇಲೆ ಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಪುಡಿಯನ್ನು ಸಮನಾಗಿ ತಟ್ಟಲಾಯಿತು. ಗೋಡೆಯಾಚೆಯಿಂದ ಪಕ್ಕದ ಮನೆಯ ಲಕ್ಷ್ಮಯ್ಯ ಇದನ್ನೆಲ್ಲ ಕತ್ತು ಚಾಚಿ ನೋಡಿದ. ಅವನು ಮಂಗಳಗೌರಿ ಪಾಠ ಮಾಡಬೇಕಿದ್ದ ಅದೇ ಶಾಲೆಯ ಅಟೆಂಡರು.

"ಎಷ್ಟೊತ್ತಣ್ಣ?" ಎಂದ.

"ಹದಿನೆಂಟು ಗಂಟೆ" ಎಂದ ಹೊನ್ನಯ್ಯ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಲಕ್ಷ್ಮಯ್ಯನೂ ಇನ್ನು ನಾಲ್ಕು ಜನವೂ ಬಂದು ನಿಂತರು. ಹೊನ್ನಯ್ಯ ಚಾರ್ಜರ್ ಸಿಗಿಸುವಂತೆ ಹೆಂಡತಿಗೆ ಹೇಳಿದ, ಹೆಂಡತಿ ಸೊಸೆಗೆ ಹೇಳಿದಳು, ಸೊಸೆ ಸಿಗಿಸಿ ಬಟನ್ ಒತ್ತಿದಳು. ಲ್ಯಾಪ್‌ಟಾಪ್ ಎದ್ದು ಕೂತಿತು. ಕಿವಿ ಬಂತು. ಬಾಣ ಓಡಾಡಿತು.

"ಎದ್ದ್‌ಬುಡ್ತು" ಎಂದ ಲಕ್ಷ್ಮಯ್ಯ, ಮೆಲ್ಲಗೆ.

ಹೇಳುವವರು ಬೇರೆ ಇರುವಾಗ ತಾನು ಹೇಳಬಾರದೆಂಬುದು ಹೊನ್ನಯ್ಯನಿಗೆ ಗೊತ್ತಿತ್ತು. ಒಂಬತ್ತರ ಹೊತ್ತಿಗೆ ಟೀ ಅಂಗಡಿ ಹೇಳಿತು. ಹತ್ತರ ಹೊತ್ತಿಗೆ ಡೇರಿ ಹೇಳಿತು. ಹನ್ನೊಂದಕ್ಕೆ ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ನರಸಯ್ಯ ಸ್ಕೂಟರಿನಲ್ಲಿ ಬಂದ.

"ಹೊನ್ನಯ್ಯಣ್ಣ, ನಮ್ಮ ಆಫೀಸಿಂದೂ ವಾರದಿಂದ ಅಲ್ಲಾಡ್ತಿಲ್ಲ. ಅದೂ ಅದೇನಾ?"

"ತಲೆ ಎತ್ತೈತಾ?"

"ಎತ್ತೈತೆ."

"ಮೈ ಬಿಸಿ?"

"ಒಸಿ ಬಿಸಿ."

"ಮುಟ್ಬ್ಯಾಡ" ಎಂದ ಹೊನ್ನಯ್ಯ.

ನರಸಯ್ಯ ಸರ್ಕಾರಿ ಕೆಲಸದಲ್ಲಿ ಹನ್ನೆರಡು ವರ್ಷ ಕಳೆದವನು. ಆ ಹನ್ನೆರಡು ವರ್ಷದಲ್ಲಿ ಅವನಿಗೆ ಯಾರೂ ಇಷ್ಟು ಸ್ಪಷ್ಟವಾದ ಆದೇಶ ಕೊಟ್ಟಿರಲಿಲ್ಲ. ಹೋಗಿ ಪಂಚಾಯಿತಿ ಬಾಗಿಲಿಗೆ ರಟ್ಟು ತೂಗುಹಾಕಿದ: "ಕಂಪ್ಯೂಟರ್ ಜ್ವರಕ್ಕೆ ಕೂತಿದೆ. ಎದ್ದ ಮೇಲೆ ತಿಳಿಸಲಾಗುವುದು." ಹಿಂದೆ "ಸರ್ವರ್ ಇಲ್ಲ" ಎಂದು ಬರೆದಾಗಲೆಲ್ಲ ಜನ ಜಗಳಕ್ಕೆ ಬರುತ್ತಿದ್ದರು, ಏಕೆಂದರೆ ಸರ್ವರ್ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಜ್ವರ ಎಲ್ಲರಿಗೂ ಗೊತ್ತಿತ್ತು. ಸರ್ಟಿಫಿಕೇಟಿಗೆ ಬಂದವರು ಓದಿ, ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು ವಾಪಸು ಹೋದರು. ಒಬ್ಬ ಮುದುಕಿ ಕಿಟಕಿಯಲ್ಲಿ ಇಣುಕಿ, "ಒಸಿ ಗಾಳಿ ಆಡಂಗ್ ಬುಡಪ್ಪಾ" ಎಂದು ಸಲಹೆ ಕೊಟ್ಟಳು.

ಮಧ್ಯಾಹ್ನ ಲಕ್ಷ್ಮಯ್ಯ ಬಂದು ಒಂದು ಚೀಲ ಸುಣ್ಣದ ಪುಡಿ ಕೇಳಿದ.

"ಯಾಕ್ಲಾ? ನೀನೆಲ್ಲಿ ಉಳ ಸಾಕೀಯ?"

"ಶಾಲೇಲಿ ಬೇಕಾಗದೆ ಕಣಣ್ಣ" ಎಂದ. ಶಾಲೆ ಎಂದರೆ ಗೋಡೆಗೆ ಬಳಿಯಲು ಎಂದುಕೊಂಡು ಹೊನ್ನಯ್ಯ ಕೊಟ್ಟ.

ಅಂದು ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಮತ್ತೆ ನಿಂತಿತು. ಈ ಸಲ ಇನ್ನೂ ಗಟ್ಟಿಯಾಗಿ ನಿಂತಿತು. ಕೀಗಳು ಒತ್ತಿದರೆ ಕೆಳಗೇ ಹೋಗುತ್ತಿರಲಿಲ್ಲ, ಹೋದ ಒಂದೆರಡು ಮೇಲೆ ಬರುತ್ತಿರಲಿಲ್ಲ. ಹುಳ ಮನೆಯ ತೇವಕ್ಕೆ ಸುಣ್ಣ ಕಟ್ಟಿಕೊಂಡಿತ್ತು. ಹೊನ್ನಯ್ಯ ನೋಡಿ ತಲೆಯಾಡಿಸಿದ.

"ಎರಡನೇ ಜ್ವರ. ಇನ್ನೆರಡು ಅವೆ. ಸೋಮವಾರಕ್ಕೆ ಮೂರನೇದ್ರಲ್ಲಿ ಇರ್ತದೆ."

ಪುಟ್ಟಗೌರಮ್ಮ ಒಲೆಯ ಮುಂದಿದ್ದಳು. ಮಾತು ದಾಟಿಸುವವರು ಯಾರೂ ಇರಲಿಲ್ಲ. ಮಂಗಳಗೌರಿ ಸ್ವಲ್ಪ ಹೊತ್ತು ಆ ಬಿಳಿಯ ಕೀಗಳನ್ನು ನೋಡುತ್ತಿದ್ದು, ನಾಲ್ಕು ತಿಂಗಳಲ್ಲಿ ಮೊದಲ ಸಲ ಮಾವನ ಕಡೆ ತಿರುಗಿ ಕೇಳಿದಳು.

"ಮಾವ, ನಾಲ್ಕು ಜ್ವರ ಆದ್ಮೇಲೆ ಹುಳ ಏನ್ಮಾಡುತ್ತೆ?"

ಹೊನ್ನಯ್ಯನಿಗೆ ಸಂತೋಷವಾಯಿತು. "ಎಂಟು ದಿನ ಚೆನ್ನಾಗಿ ತಿಂದು, ಹಣ್ಣಾಗಿ, ಗೂಡು ಕಟ್ತದೆ ಕಣವ್ವ."

"ಆಮೇಲೆ?"

"ಮಾರ್ಕೆಟ್ಟಿಗೆ."

"ಆಮೇಲೆ?"

"ಬಿಸಿನೀರಿಗೆ ಹಾಕಿ ದಾರ ತೆಗೀತಾರೆ."

ಮಂಗಳಗೌರಿ ಒಳಗೆ ಹೋದಳು. ಹೊನ್ನಯ್ಯ ಲ್ಯಾಪ್‌ಟಾಪನ್ನೂ ಬಿಸಿನೀರನ್ನೂ ಮನಸ್ಸಿನಲ್ಲಿ ಒಂದರ ಪಕ್ಕ ಒಂದು ಇಟ್ಟು ನೋಡಿದ. ಅವನ ವಿದ್ಯೆಯಲ್ಲಿ ಮೊದಲ ಸಲ ಒಂದು ಕಡೆ ಹೊಲಿಗೆ ಬಿಟ್ಟಂತೆ ಕಂಡಿತು.

ಭಾನುವಾರ ಬೆಳಿಗ್ಗೆ ಪುಟ್ಟಗೌರಮ್ಮ ಸೀರೆ ಉಟ್ಟು ಹೊರಟು ನಿಂತಿದ್ದಳು.

"ನೀವು ಜ್ವರ ಎಣಿಸ್ಕಂಡ್ ಕೂತಿರಿ. ನಾನೂ ಮಗಿನೂ ಶುಕೂರನ ಅಂಗಡಿಗೋಗಿ ಬತ್ತೀವಿ."

"ಕುಲುಕಾಡ್ತದೆ."

"ಕುಲುಕಾಡ್ಲಿ. ರಾತ್ರಿ ಮಗು ಊಟಾನೇ ಮಾಡಿಲ್ಲ."

ಕುಲುಕಾಡಬಾರದೆಂದು ಹೊನ್ನಯ್ಯನೂ ಹೊರಟ. ಲ್ಯಾಪ್‌ಟಾಪನ್ನು ತಟ್ಟೆಯಲ್ಲಿಟ್ಟು, ಮೇಲೆ ತೆಳು ಬಟ್ಟೆ ಹೊದೆಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತ. ಕಂಡಕ್ಟರ್ ಬಂದು, "ಹುಳದ ತಟ್ಟೆಗೆ ಲಗೇಜ್ ಆಯ್ತದೆ ಯಜಮಾನ್ರೇ" ಎಂದ.

"ಉಳ ಅಲ್ಲ."

ಕಂಡಕ್ಟರ್ ಬಟ್ಟೆಯ ತುದಿ ಎತ್ತಿ ನೋಡಿದ. ಸುಣ್ಣ ಬಡಿದ ಲ್ಯಾಪ್‌ಟಾಪ್ ಕಂಡಿತು. ಬಟ್ಟೆಯನ್ನು ಮೆಲ್ಲಗೆ ಮುಚ್ಚಿದ.

"ಜ್ವರನಾ?" ಎಂದ.

"ಎರಡನೇದು" ಎಂದ ಹೊನ್ನಯ್ಯ. ಕಂಡಕ್ಟರ್ ಡ್ರೈವರಿಗೆ ನಿಧಾನವಾಗಿ ಓಡಿಸಲು ಹೇಳಿದ.

ಶುಕೂರನ ಅಂಗಡಿಯಲ್ಲಿ ಅವನ ತಂದೆ ಸನಾವುಲ್ಲಾ ಕುರ್ಚಿ ಹಾಕಿಕೊಂಡು ಕೂತಿದ್ದರು. ನಲವತ್ತು ವರ್ಷ ನೂಲು ತೆಗೆದ ರೀಲರ್. ಹೊನ್ನಯ್ಯನ ಗೂಡನ್ನು ಎಷ್ಟೋ ಸಲ ಹರಾಜಿನಲ್ಲಿ ಕೂಗಿ ಕೊಂಡವರು. ಶುಕೂರ್ ಲ್ಯಾಪ್‌ಟಾಪನ್ನು ಹಿಡಿದು ಓರೆ ಮಾಡಿದ. ಮೇಜಿನ ಮೇಲೆ ಒಂದು ಚಮಚದಷ್ಟು ಸುಣ್ಣ ಬಿತ್ತು.

"ಏನಿದು?"

"ಜ್ವರಕ್ಕೆ ಕೂತಿತ್ತು" ಎಂದ ಹೊನ್ನಯ್ಯ.

ಶುಕೂರ್ ತಂದೆಯ ಮುಖ ನೋಡಿದ. "ಹೊನ್ನಯ್ಯನೋರು ಹೇಳಿದ್ಮೇಲೆ ಇರ್ಬೇಕು ಬೇಟಾ" ಎಂದರು ಸನಾವುಲ್ಲಾ. "ಅವರ ಗೂಡಲ್ಲಿ ದಾರ ತುಂಡಾಗಿದ್ದು ನಾ ನೋಡಿಲ್ಲ."

"ದಾರ ಬೇರೆ, ಇದು ಬೇರೆ ಅಬ್ಬಾ."

ಮಂಗಳಗೌರಿ ನಡೆದದ್ದನ್ನೆಲ್ಲ ಹೇಳಿದ ಮೇಲೆ ಅವನು ಹಿಂಬದಿ ಬಿಚ್ಚಿದ. ಒಳಗಿನ ಪುಟ್ಟ ಫ್ಯಾನು ಬೆಳ್ಳಗೆ ಗಟ್ಟಿಯಾಗಿತ್ತು. ಅದರ ರೆಕ್ಕೆಯಲ್ಲಿ ಒಣಗಿದ ಸೊಪ್ಪಿನ ಚೂರೊಂದು ಸಿಕ್ಕಿಕೊಂಡಿತ್ತು. ಶುಕೂರ್ ಅದನ್ನು ಚಿಮಟಿಗೆಯಲ್ಲಿ ತೆಗೆದು ಹೊನ್ನಯ್ಯನ ಅಂಗೈ ಮೇಲಿಟ್ಟ.

"ಹುಳ ಮನೆ ಧೂಳು ಎಳ್ಕೊಂಡು ಫ್ಯಾನ್ ನಿಂತೋಗಿದೆ ಅಣ್ಣ. ಫ್ಯಾನ್ ನಿಂತ್ರೆ ಬಿಸಿ ಆಗುತ್ತೆ, ಬಿಸಿ ಆದ್ರೆ ಇದು ನಿಲ್ಲುತ್ತೆ. ರಾತ್ರಿಯೆಲ್ಲ ತಣ್ಣಗಾಗಿತ್ತು, ಅದಕ್ಕೆ ಸಂಜೆ ತನಕ ನಡೀತು. ಅಷ್ಟೇ."

"ಅಂದ್ರೆ ಕಾಯ್ಬೇಕು ಅಂದಿದ್ದು ಸರಿ."

"ಕಾದಿದ್ದು ಸರಿ. ಸುಣ್ಣ ಸರಿಯಿಲ್ಲ. ಕೀ ಎಲ್ಲ ಗಾರೆ ಹಾಕಿದಂಗ್ ಆಗವೆ."

ಸನಾವುಲ್ಲಾ ಗೌರವಕ್ಕಾಗಿ ರಸ್ತೆಯ ಕಡೆ ನೋಡಿದರು. ಹೊನ್ನಯ್ಯ ಆ ಸೊಪ್ಪಿನ ಚೂರನ್ನು ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ನಿಂತಿದ್ದ.

ಶುಕೂರ್ ಫ್ಯಾನು ಉಜ್ಜಿದ. ಕೀಗಳು ಸರಿಹೋಗುವಂತಿರಲಿಲ್ಲ, ಅದಕ್ಕೆ ಹೊರಗಿನಿಂದ ಸಿಗಿಸುವ ಹಳೆಯ ಕೀಬೋರ್ಡು, ಮೌಸು ಕೊಟ್ಟ. ಮಂಗಳಗೌರಿ ಅವನ ಪಕ್ಕ ನಿಂತು ಒಂದೊಂದನ್ನೂ ಕೇಳಿ ತಿಳಿದುಕೊಂಡಳು. ಪೂರ್ತಿ ನಿಂತರೆ ಏನು ಮಾಡಬೇಕು? ಆನ್ ಮಾಡುವ ಬಟನ್ನನ್ನೇ ಹತ್ತು ಎಣಿಸುವ ತನಕ ಒತ್ತಿ ಹಿಡಿದು, ಆರಿದ ಮೇಲೆ ಮತ್ತೆ ಹಾಕಬೇಕು. ಬಾಣ ಮಾತ್ರ ಅಲ್ಲಾಡದಿದ್ದರೆ? ಮೊದಲು ವೈರು ನೋಡಬೇಕು.

"ನೂರಕ್ಕೆ ಐವತ್ತು ಜನ ವೈರೇ ಸಿಗಿಸಿರಲ್ಲ ಮೇಡಂ. ಕೆಟ್ಟೋಯ್ತು ಅಂತ ಹೊತ್ಕೊಂಡು ಬರ್ತಾರೆ" ಎಂದ ಶುಕೂರ್. "ಮತ್ತೆ ಸುಣ್ಣ ಬಿದ್ರೆ ಒಣ ಬಟ್ಟೇಲಿ ಒರೆಸಿ. ನೀರು ಸೋಕಿಸ್ಬೇಡಿ."

ವಾಪಸು ಬರುವಾಗ ಬಸ್ಸು ಮನಸೋ ಇಚ್ಛೆ ಕುಲುಕಾಡಿತು. ಹೊನ್ನಯ್ಯ ಖಾಲಿ ತಟ್ಟೆಯನ್ನು ಸೀಟಿನ ಕೆಳಗೆ ತಳ್ಳಿದ್ದ.

ಸೋಮವಾರ ಅವನು ಶಾಲೆಗೆ ಹೋದದ್ದು ಕೀಬೋರ್ಡು ಹೊರಲು. ಬಾಗಿಲಲ್ಲೇ ನಿಂತು ವಾಪಸು ಬರುವುದೆಂದು ಅಂದುಕೊಂಡಿದ್ದ. ಆದರೆ ಕಮಿಟಿಯ ಅಧ್ಯಕ್ಷರಾದ ಗಂಗಯ್ಯನವರು ಅವನನ್ನು ಕಂಡು ತಾವೇ ಎದ್ದು ಬಂದರು. ಚೌಲ್ಟ್ರಿ ಇಟ್ಟುಕೊಂಡು ಹುಳ ಸಾಕಲು ಹೊರಟಿದ್ದವರು ಇವರೇ.

"ಒಳ್ಳೆ ಹೊತ್ತಿಗೆ ಬಂದ್ರಿ ಹೊನ್ನಯ್ಯ. ನಿಮ್ಮನ್ನ ಕರೆಸ್ಬೇಕು ಅಂತಿದ್ದೆ. ಬನ್ನಿ, ನೋಡಿ."

ಕಂಪ್ಯೂಟರ್ ಕೋಣೆಯ ಬಾಗಿಲು ತೆಗೆದರು. ಹನ್ನೆರಡು ಕಂಪ್ಯೂಟರುಗಳು ಎರಡು ಸಾಲಿನಲ್ಲಿ ಬೆಳ್ಳಗೆ ಕೂತಿದ್ದವು. ಕೀಬೋರ್ಡುಗಳ ಮೇಲೆ ಸುಣ್ಣ, ಮೌಸುಗಳ ಮೇಲೆ ಸುಣ್ಣ, ಪರದೆಗಳ ತಲೆಯ ಮೇಲೆ ಸುಣ್ಣ. ವೈರುಗಳನ್ನೆಲ್ಲ ಕಿತ್ತು, ಸುತ್ತಿ, ಮೂಲೆಯಲ್ಲಿ ಗುಡ್ಡೆ ಹಾಕಿತ್ತು.

"ನೀವು ಹೇಳ್ದಂಗೇ ಮಾಡಿವ್ನಿ ಅಣ್ಣ" ಎಂದ ಲಕ್ಷ್ಮಯ್ಯ. "ಮೇವು ನಿಲ್ಲಿಸ್ಬೇಕಲ್ಲ, ವೈರು ಕಿತ್ತಿವ್ನಿ. ಮೂರು ನಡೀತಿರ್ಲಿಲ್ಲ, ಒಂಬತ್ತು ನಡೀತಿದ್ವು. ಎದ್ದವು ಏಳದವು ಬೆರಕೆ ಆಗ್ಬಾರ್ದು ಅಂತ ಎಲ್ಲನೂ ಒಟ್ಟಿಗೇ ಕೂರಿಸ್ಬುಟ್ಟೆ."

ಹುಳ ಸಾಕುವವನ ಕಣ್ಣಿನಿಂದ ನೋಡಿದರೆ ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

"ಮೇಡಂ ಪಾಠ ಈ ಕೋಣೇಲೇ ಇಟ್ಕೊಂಡಿದ್ವಿ" ಎಂದರು ಗಂಗಯ್ಯನವರು. "ದೊಡ್ಡ ಪರದೆ ಇಲ್ಲೇ ಇರೋದು, ಅದರ ವೈರೂ ಆ ಗುಡ್ಡೇಲೇ ಐತೆ. ಇವು ಎದ್ದಿದ್ರೆ ಈಗಲೇ ಪಾಠ ನೋಡ್ತೀವಿ. ಎದ್ದಿಲ್ಲ ಅಂದ್ರೆ ಗಲಾಟೆ ಬೇಡ, ಮುಂದಿನ ತಿಂಗಳಿಗೆ ಹಾಕಣ. ಆ ಹೊತ್ತಿಗೆ ಇನ್ನಿಬ್ಬರು ಅರ್ಜಿ ಹಾಕ್ತಾರೆ, ಅವರನ್ನೂ ನೋಡ್ದಂಗಾಯ್ತು. ನೀವೇ ಹೇಳಿ ಹೊನ್ನಯ್ಯ. ಎದ್ದವಾ, ಇಲ್ವಾ?"

ಕಮಿಟಿಯ ಮಿಕ್ಕ ಇಬ್ಬರೂ ಹೊನ್ನಯ್ಯನ ಮೂಗನ್ನು ನೋಡುತ್ತಿದ್ದರು. ಎದ್ದಿವೆ ಎಂದು, ಅವು ಏಳದೆ ಹೋದರೆ ಹೆಸರು ಹೋಗುತ್ತದೆ. ಎದ್ದಿಲ್ಲ ಎಂದರೆ ಹೆಸರು ಉಳಿಯುತ್ತದೆ, ಸೊಸೆಯ ಕೆಲಸ ಹೋಗುತ್ತದೆ. ಹೊನ್ನಯ್ಯ ಅಭ್ಯಾಸಬಲದಿಂದ ಉಸಿರೆಳೆದ. ಸುಣ್ಣ ಮೂಗಿಗೆ ಹೋಗಿ ಸೀನು ಬಂತು.

"ಎದ್ದಿವೆ ಸರ್" ಎಂದಳು ಮಂಗಳಗೌರಿ.

ಎಲ್ಲರೂ ತಿರುಗಿದರು. ಲಕ್ಷ್ಮಯ್ಯ ಬಾಯಿ ತೆರೆದು, "ಅಮ್ಮಯ್ಯ, ನಿಮ್ಮ ಮಾವ ಇನ್ನೂ ಹೇಳಿಲ್ವಲ್ಲ" ಎಂದ.

"ಏನ್ರೀ ಹೊನ್ನಯ್ಯ?" ಎಂದರು ಗಂಗಯ್ಯನವರು. "ಹೌದಾ?"

ಹೊನ್ನಯ್ಯ ಟವಲಿನಲ್ಲಿ ಮೂಗು ಒರೆಸಿಕೊಂಡ. ಒರೆಸಿ ಮುಗಿದ ಮೇಲೂ ಇನ್ನೊಂದು ಸಲ ಒರೆಸಿಕೊಂಡ.

"ಉಳದ ಜ್ವರ ನಂಗೊತ್ತು ಸಾರ್" ಎಂದ. "ಇದು ನಂಗೊತ್ತಿಲ್ಲ. ಗೊತ್ತೈತೆ ಅಂತ ಮೂರ್ ದಿನದಿಂದ ಹೇಳ್ಕಂಡ್ ಬಂದೆ. ಅವಳ್ಗೆ ಗೊತ್ತೈತೆ. ಅವಳ್ನೇ ಕೇಳಿ."

ಮಂಗಳಗೌರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂಲೆಯ ಗುಡ್ಡೆಯ ಮುಂದೆ ಕೂತಳು. ಒಂದೊಂದೇ ವೈರು ಬಿಡಿಸಿ, ಯಾವುದು ಎಲ್ಲಿಗೆ ಎಂದು ನೋಡಿ ಸಿಗಿಸಿದಳು. ಮೊದಲ ಕಂಪ್ಯೂಟರ್ ಬೆಳಗಿತು. ಎರಡನೆಯದು ಬೆಳಗಿತು. ಐದನೆಯದು ಅರ್ಧಕ್ಕೆ ನಿಂತಾಗ ಬಟನ್ನನ್ನು ಒತ್ತಿ ಹಿಡಿದು, ಮೆಲ್ಲಗೆ ಹತ್ತು ಎಣಿಸಿ, ಆರಿಸಿ ಮತ್ತೆ ಹಾಕಿದಳು. ಮೊದಲಿನಿಂದ ನ‌ಡೆಯದಿದ್ದ ಮೂರರಲ್ಲಿ ಒಂದರ ಮೌಸಿನ ವೈರು ಎಂದೂ ಸರಿಯಾಗಿ ಕೂತಿರಲಿಲ್ಲವೆಂದು ತಿಳಿಯಿತು. ಅರ್ಧ ಗಂಟೆಯಲ್ಲಿ ಹತ್ತು ಕಂಪ್ಯೂಟರ್ ಎದ್ದವು. ಎರಡು ಏಳಲಿಲ್ಲ.

"ಆ ಎರಡನ್ನ ರಿಪೇರಿಗೆ ಕಳಿಸ್ಬೇಕು ಸರ್" ಎಂದಳು.

"ಹನ್ನೆರಡಕ್ಕೆ ಹತ್ತು" ಎಂದರು ಗಂಗಯ್ಯನವರು. "ನನ್ನ ಹುಳ ಮನೇಲಿ ಇಷ್ಟು ಬಂದಿಲ್ಲ."

"ಪಾಠ?" ಎಂದು ಕಮಿಟಿಯ ಇನ್ನೊಬ್ಬರು ನೆನಪಿಸಿದರು.

"ಇಷ್ಟೊತ್ತು ನೋಡಿದ್ದೇನು ಮತ್ತೆ? ವಿಜ್ಞಾನಕ್ಕೆ ಬರ್ಕೊಳಿ, ಈ ಕೋಣೇನೂ ಸೇರಿಸಿ. ನಾಳೆಯಿಂದ ಬಾಮ್ಮ."

ಮಂಗಳಗೌರಿ ಕೈ ಮುಗಿದಳು. ಆಮೇಲೆ ಕೋಣೆಯನ್ನೊಮ್ಮೆ ಸುತ್ತ ನೋಡಿ, "ಸುಣ್ಣ ಹಿಂಗೇ ಬಿಟ್ರೆ ನಾಳೆ ಮತ್ತೆ ನಿಲ್ತವೆ ಸರ್. ಒಣ ಬಟ್ಟೆ ಬೇಕು" ಎಂದಳು.

ಲಕ್ಷ್ಮಯ್ಯ ಕಿಟಕಿಯ ಹಳೆಯ ಪರದೆಯೊಂದನ್ನು ಹರಿದು ತುಂಡು ಮಾಡಿ ತಂದ. ಮಂಗಳಗೌರಿ ಆಳಿಗೊಂದು ಕೊಟ್ಟಳು. ಕೈಗೆ ಬಟ್ಟೆ ಬಂದ ಮೇಲೆ ಕಮಿಟಿಯವರಾದರೂ ಏನು ಮಾಡಿಯಾರು? ಅಧ್ಯಕ್ಷರು ಮೊದಲ ಸಾಲಿನಲ್ಲಿ ಕೂತರು, ಸದಸ್ಯರು ಎರಡನೆಯ ಸಾಲಿನಲ್ಲಿ ಕೂತರು. ಹೊನ್ನಯ್ಯ ಎಲ್ಲಕ್ಕಿಂತ ಬೆಳ್ಳಗಿದ್ದ ಕೀಬೋರ್ಡನ್ನು ತಾನೇ ಆರಿಸಿಕೊಂಡು ಗಂಗಯ್ಯನವರ ಪಕ್ಕ ಕೂತ.

ಸ್ವಲ್ಪ ಹೊತ್ತಾದ ಮೇಲೆ ಗಂಗಯ್ಯನವರು ತಲೆ ತಗ್ಗಿಸಿಯೇ ಪಿಸುಗುಟ್ಟಿದರು.

"ಹೊನ್ನಯ್ಯ, ನಮ್ಮ ಹುಳ ನೆನ್ನೆಯಿಂದ ಕೂತವೆ. ಸಾಯಂಕಾಲ ಸೊಪ್ಪು ಹಾಕ್ಲಾ?"

"ಆಮೇಲ್ ಹೇಳ್ತೀನಿ, ಒರೆಸಿ ಸಾರ್" ಎಂದ ಹೊನ್ನಯ್ಯ. "ಮೇಡಂ ನೋಡ್ತಾವ್ರೆ."